ಎಡಮೂಲೆ

"ಎಷ್ಟು?" ರಿಂಗಿನ ಎಡಕ್ಕೆ ನಿಂತಿದ್ದ ಮೇಸ್ತ್ರಿ ಕೂಗಿದರು.

ಚೆಂಡು ಪುಟಿಸಿಕೊಂಡು ನುಗ್ಗುತ್ತಿದ್ದ ಡ್ರೈವರಮ್ಮ ಒಂದಿಷ್ಟೂ ತಡವರಿಸದೆ "ಎರಡು!" ಎಂದಳು.

"ನಿಲ್ಲು, ನಿಲ್ಲು. ನಾನು ಕೈಯನ್ನೇ ಎತ್ತಿಲ್ವಲ್ಲಮ್ಮಾ! ಜೇಬಲ್ಲಿತ್ತು."

ಡ್ರೈವರಮ್ಮ ಚೆಂಡನ್ನು ಎದೆಗೆ ಅವುಚಿಕೊಂಡು ನಿಂತಳು. ಮೇಸ್ತ್ರಿ ಬಸ್ ಡಿಪೋದ ಹಿರಿಯ ಮೆಕ್ಯಾನಿಕ್ಕು. ಕೆಲಸ ಮುಗಿದ ಮೇಲೆ ಷೆಡ್ಡಿನ ಹಿಂದಿನ ಅಂಗಳದಲ್ಲಿ ಹೆಂಗಸರ ಬಾಸ್ಕೆಟ್‌ಬಾಲ್ ತಂಡದ ಕೋಚು. ಯಾರೂ ನೇಮಿಸಿದ್ದಲ್ಲ, ತಾವೇ ಆದದ್ದು. ಒಂದು ಬೆರಳು ತೋರಿಸಿದರೆ ಚೆಂಡು ಹಿಡಿದವಳು ತಾನೇ ರಿಂಗಿಗೆ ಎಸೆಯಬೇಕು, ಎರಡಾದರೆ ಎಡಮೂಲೆಗೆ ಪಾಸ್, ಮೂರಾದರೆ ಹಿಂದೆ ಸರಿಯಬೇಕು. ಇದು ಅವರ ಪಾಠ. ಭಾನುವಾರ ಫೈನಲ್ಲು. ಹಿಂದಿನ ಎರಡು ಆಟದಲ್ಲೂ ಎಡಮೂಲೆಯಲ್ಲಿ ಕಂಡಕ್ಟರ್ ಹುಡುಗಿ ಒಬ್ಬಳೇ ನಿಂತು ಕೈ ಬೀಸಿದ್ದೇ ಬಂತು, ಡ್ರೈವರಮ್ಮ ಮಾತ್ರ ಮೂರು ಜನ ಮುತ್ತಿಕೊಂಡ ಕಡೆಗೇ ನುಗ್ಗಿದ್ದಳು. ತಲೆ ಓಡಿಸುತ್ತಿಲ್ಲ ಎಂದು ಮೇಸ್ತ್ರಿ ಎಷ್ಟು ಬೈದರೂ ಅವಳು ತುಟಿ ಪಿಟಕ್ಕೆನ್ನಲಿಲ್ಲ. ಬೈಸಿಕೊಳ್ಳುವುದೇ ವಾಸಿ ಅನ್ನಿಸಿತ್ತು.

ಕಂಡಕ್ಟರ್ ಹುಡುಗಿ ನೀರು ತುಂಬಿಕೊಳ್ಳಲು ನಲ್ಲಿಯ ಕಡೆ ಹೋದಳು. ಮೇಸ್ತ್ರಿ ಹತ್ತಿರ ಬಂದರು. "ನೇರಕ್ಕೆ ನನ್ನ ಮೂಗನ್ನೇ ನೋಡು. ಬೆರಳು ಕಂಡ ತಕ್ಷಣ ಹೇಳು." ಬಲಗಡೆಯಿಂದ ಬಂದ ಬೆರಳು ಅವಳಿಗೆ ಕೂಡಲೇ ಕಂಡಿತು. ಎಡಗಡೆಯಿಂದ ಬಂದದ್ದು ಕೆನ್ನೆ ದಾಟಿ, ಹುಬ್ಬು ದಾಟಿ, ಹೆಚ್ಚುಕಡಿಮೆ ಮೂಗಿನ ನೇರಕ್ಕೇ ಬಂತು. ಆಗ ಅವಳು "ಹ್ಞಾಂ" ಎಂದಳು. ಗ್ರೀಸ್ ಹಿಡಿದ ಆ ಬೆರಳು ಅಲ್ಲೇ ನಿಂತಿತು.

"ಅಯ್ಯೋ ದೇವರೇ. ಎಷ್ಟು ದಿನ ಆಯ್ತು?"

"ಎರಡು ತಿಂಗಳು."

"ಡಾಕ್ಟ್ರಿಗೆ ತೋರಿಸ್ಲಿಲ್ವಾ?"

"ತೋರಿಸಿದ್ರೆ ಎಡಗಡೆ ಕಾಣಲ್ಲ ಅಂತ ಬರೆದು ಕೊಟ್ಬಿಡ್ತಾರೆ ಮೇಸ್ತ್ರಿ. ಲೈಸೆನ್ಸ್ ಹೋಗತ್ತೆ. ಎರಡು ಮಕ್ಕಳು, ಹಾಸಿಗೆ ಹಿಡಿದ ಅಮ್ಮ. ನಾನು ಏನು ಮಾಡ್ಲಿ ಹೇಳಿ?" ಹೋದ ವಾರದ್ದನ್ನು ಅವಳು ಹೇಳಲಿಲ್ಲ. ತಿರುವಿನಲ್ಲಿ ಎಡಕ್ಕೆ, ಬಾಗಿಲ ಕಡೆಯಿಂದ ಸೈಕಲ್ಲಿನ ಮುದುಕನೊಬ್ಬ ನೆಲದೊಳಗಿಂದ ಎದ್ದವನಂತೆ ಬಂದಿದ್ದ. ಕಂಡಕ್ಟರ್ ಹುಡುಗಿ ಕಿರುಚದೆ ಹೋಗಿದ್ದರೆ ಅವನ ಕಥೆ ಮುಗಿಯುತ್ತಿತ್ತು. ಅಂದಿನಿಂದ ಡ್ರೈವರಮ್ಮನಿಗೆ ಅನ್ನ ಸೇರುತ್ತಿಲ್ಲ.

ಮೇಸ್ತ್ರಿ ತುಸು ಹೊತ್ತು ತಲೆ ಕೆರೆದುಕೊಂಡು, "ನೋಡು, ಎದೆಗುಂದಬೇಡ. ಇನ್ಮೇಲೆ ಎಡಗಡೆ ಗೆರೆಗೆ ಅಂಟ್ಕೊಂಡೇ ಆಡು. ಆಗ ಎಲ್ಲರೂ ನಿನ್ನ ಬಲಕ್ಕೇ ಇರ್ತಾರೆ. ಚೆಂಡು ಕೈಗೆ ಬರೋಕೆ ಮುಂಚೆ ಒಂದ್ಸಲ ಕತ್ತು ತಿರುಗಿಸಿ ನೋಡ್ಕೊ. ಯಾರಿಗೂ ಗೊತ್ತಾಗಲ್ಲ" ಎಂದರು.

ಆಡಿದರು. ಏನು ಹೇಳುವುದು! ಹತ್ತು ಪಾಸ್‌ನಲ್ಲಿ ಒಂಬತ್ತು ಸೀದಾ ಕಂಡಕ್ಟರ್ ಹುಡುಗಿಯ ಎದೆಗೆ ಹೋದವು. ಎಸೆಯಬೇಕಾದಾಗ ಎಸೆದಳು, ತಡೆಯಬೇಕಾದಾಗ ತಡೆದಳು. "ಅಕ್ಕಾ, ಇವತ್ತೇನು ಮೈಮೇಲೆ ಬಂದಿದೆಯಾ ನಿಮಗೆ!" ಎಂದು ಹುಡುಗಿ ಕುಣಿದಾಡಿದಳು. ಡ್ರೈವರಮ್ಮನೂ ನಕ್ಕಳು, ಆದರೆ ಇಷ್ಟು ಸಲೀಸಾಗಿ ಮುಚ್ಚಿಡಬಹುದಲ್ಲ ಎಂಬುದೇ ಅವಳಿಗೆ ಹೆಚ್ಚು ಭಯ ಹುಟ್ಟಿಸಿತು.

"ಈ ಮಾತು ನಮ್ಮಿಬ್ಬರ ಮಧ್ಯೆ ಇರ್ಲಿ. ಫೈನಲ್ ಒಂದು ಮುಗೀಲಿ, ಆಮೇಲೆ ನೋಡೋಣ," ಎಂದರು ಮೇಸ್ತ್ರಿ. ಅವಳು ತಲೆಯಾಡಿಸಿದಳು. ಎರಡು ತಿಂಗಳಲ್ಲಿ ಮೊದಲ ಬಾರಿಗೆ ಉಸಿರು ಸರಾಗವಾಗಿ ಆಡಿತು.

ಐದು ಗಂಟೆಯ ಟ್ರಿಪ್ಪಿಗೆ ಸಮವಸ್ತ್ರ ಹಾಕಿಕೊಂಡು ಅವಳು ಹೊರಗೆ ಬಂದಾಗ ಬಸ್ಸು ಆಗಲೇ ತುಂಬಿತ್ತು. ಕಿಟಕಿಯಲ್ಲಿ ಮಗುವೊಂದು ಗಾಜಿಗೆ ಮೂಗು ಒತ್ತಿ ಚಪ್ಪಟೆ ಮಾಡಿಕೊಂಡಿತ್ತು. ಮೇಸ್ತ್ರಿ ಕೈ ತೊಳೆದುಕೊಂಡು ಗೇಟಿನ ಕಡೆ ಹೊರಟಿದ್ದರು.

"ಎಲ್ಲಿಗೆ ಮೇಸ್ತ್ರಿ? ಬನ್ನಿ, ಹತ್ತಿ."

ಆರು ವರ್ಷದಿಂದ ದಿನಾ ಸಂಜೆ ಅವಳ ಬಸ್ಸಿನಲ್ಲೇ, ಅವಳ ಹಿಂದಿನ ಸೀಟಿನಲ್ಲೇ ಕೂತು, ಊರ ಸುದ್ದಿಯೆಲ್ಲ ಹೇಳುತ್ತ ಮನೆಗೆ ಹೋಗುವ ಮನುಷ್ಯ. ಇಂದು ಅವಳ ಮುಖ ನೋಡಲಿಲ್ಲ.

"ಬೇಡಮ್ಮ. ಯಾಕೋ ಕಾಲು ಜಡ ಹಿಡಿದಿದೆ. ಇವತ್ತು ನಡ್ಕೊಂಡೇ ಹೋಗ್ತೀನಿ."

ಅವರ ಮನೆ ಅಲ್ಲಿಂದ ಏಳು ಕಿಲೋಮೀಟರು.

ಡ್ರೈವರಮ್ಮ ಸರಸರನೆ ಅವರ ಹಿಂದೆ ಹೋಗಿ, ಒದ್ದೆ ಅಂಗೈ ಬಿಡಿಸಿ, ಅದರಲ್ಲಿ ಬಸ್ಸಿನ ಕೀಲಿ ಇಟ್ಟಳು.

"ಹಾಗಿದ್ರೆ ಒಳಗೆ ಕೂತಿರೋರಿಗೂ ಹೇಳ್ಬಿಡಿ ಮೇಸ್ತ್ರಿ," ಎಂದಳು. "ಅವರೂ ನಡ್ಕೊಂಡೇ ಹೋಗ್ಲಿ."