ಬಾಯಿ ಕಾಣದ ಕಡೆ

ಮೈಕಿನ ಮುಂದೆ ಅವಳು ನಾಲ್ಕನೇ ಸಲವೂ ಕಿರುಚಿದ್ದಾಯಿತು. ಗಾಜಿನ ಆಚೆ ಕೂತ ಡಬ್ಬಿಂಗ್ ಡೈರೆಕ್ಟರ್ ತಲೆ ಅಲ್ಲಾಡಿಸಿದ. ಹೆಡ್‌ಫೋನಿನಲ್ಲಿ ಅವನ ದನಿ ಬಂತು. "ಅಕ್ಕಾ, ಇದು ಏಟು ಬಿದ್ದೋರ ಕಿರುಚಾಟ ಆಯ್ತು. ಸ್ವಲ್ಪ ನಾಚಿಕೆ ಇರಲಿ."

"ಅಲ್ಲಪ್ಪಾ, ಪರದೆ ಮೇಲೆ ಅವಳ ಹೆಗಲಿಗೆ ಕೊಡಲಿ ಬಿದ್ದಿದೆ."

"ಬಿದ್ದಿದ್ದು ಹೆಗಲಿಗೇ. ಹರಿದಿದ್ದು ಅಂಗಿ ತಾನೇ? ನೋಡೋರು ಅದನ್ನೇ ನೋಡ್ತಾರೆ."

ಅವಳು ಒಂದು ಗುಟುಕು ನೀರು ಕುಡಿದು ಐದನೇ ಸಲ ನಾಚಿಕೊಂಡು ಕಿರುಚಿದಳು. ಅದು ಪಾಸಾಯಿತು.

ಆ ಜಪಾನಿ ಕಾರ್ಟೂನ್ ಸರಣಿಯ ನಾಯಕಿ ಕತ್ತಿಯವಳಿಗೆ ಮೂರು ವರ್ಷದಿಂದ ಕನ್ನಡದಲ್ಲಿ ಇವಳದೇ ದನಿ. ಮೊದಲ ಕಂತಿನಲ್ಲಿ ಕತ್ತಿಯವಳು ಸುಟ್ಟ ಮನೆಯ ಬೂದಿ ಕೆದಕಿ, ಕಳೆದುಹೋದ ತಂಗಿಯ ಕೆಂಪು ರಿಬ್ಬನ್ನು ಹುಡುಕಿ, ಅದನ್ನು ಕತ್ತಿಯ ಹಿಡಿಗೆ ಕಟ್ಟಿಕೊಂಡು, "ಎಲ್ಲಿದ್ದರೂ ಹುಡುಕ್ತೀನಿ ಪುಟ್ಟಿ" ಅಂದಿದ್ದಳು. ಆ ಮಾತಾಡಿದ ದಿನ ಇವಳು ಹೆಡ್‌ಫೋನ್ ತೆಗೆದಿಟ್ಟು ಹೊರಗೆ ಹೋಗಿದ್ದಳು, ಅರ್ಧ ಗಂಟೆ ಕೆಲಸ ನಿಂತಿತ್ತು. ಆಮೇಲೆ ಕಾದಾಟ ಹೆಚ್ಚಿತು, ಬಟ್ಟೆ ಕಡಿಮೆಯಾಯಿತು. ಕಂತಿಗೊಬ್ಬ ಹೊಸ ವೈರಿ, ಹಿಂದಿನವನಿಗಿಂತ ಎರಡು ಪಟ್ಟು ದಪ್ಪ. ನಡುನಡುವೆ ಸುಮ್ಮನೆ ಒಂದು ಸ್ನಾನದ ಕೊಳ. ತಂಗಿಯ ಸುದ್ದಿ ಎತ್ತಿದವರಿಲ್ಲ. ಹಿಡಿಯ ಮೇಲಿನ ರಿಬ್ಬನ್ನು ಕೂಡ ಯಾವುದೋ ಕಂತಿನಲ್ಲಿ ಮಾಯವಾಯಿತು. ಚಿತ್ರ ಬಿಡಿಸುವವರೇ ಮರೆತಿರಬೇಕು.

ಮರೆಯದೆ ಇದ್ದದ್ದು ಇವಳ ಸ್ವಂತ ತಂಗಿಯ ಮಗಳು. ಹದಿಮೂರರ ಹುಡುಗಿ, ಭಾನುವಾರ ಕಂತು ಮುಗಿದದ್ದೇ ತಡ ಫೋನ್ ಮಾಡಿ, ಅದು ಹಾಗಾಗಬಾರದಿತ್ತು, ಇದು ಹೀಗಾಗಬೇಕಿತ್ತು ಎಂದು ಜಗಳಕ್ಕೆ ನಿಲ್ಲುತ್ತಿದ್ದಳು. ಒಬ್ಬಳೇ ಇರುವ ಮನೆಯಲ್ಲಿ ಇವಳು ವಾರಕ್ಕೊಮ್ಮೆ ತನ್ನದೇ ಮಾತು ಆಡುತ್ತಿದ್ದದ್ದು ಆಗ. ಎರಡು ತಿಂಗಳ ಹಿಂದೆ ಅದೂ ನಿಂತಿತು.

"ಬೇಜಾರ್ ಮಾಡ್ಕೋಬೇಡ ದೊಡ್ಡಮ್ಮಾ, ನಾನಿನ್ನು ನೋಡಲ್ಲ. ಅಪ್ಪ ಬಂದ್ರೆ ಟಿವಿ ಆರಿಸಿ ಓಡ್ಬೇಕು. ಬರೀ ಬಟ್ಟೆ ಗಂಟು ಬಿಚ್ಚುತ್ತೆ, ಕಥೆ ಗಂಟು ಬಿಚ್ಚೋದೇ ಇಲ್ಲ. ತಂಗಿ ಇದ್ದಾಳಾ ಸತ್ತಳಾ ಅಂತ ಅವಳಾದ್ರೂ ಒಂದ್ಸಲ ನೆನಪು ಮಾಡ್ಕೋಬಾರದಾ?"

ಅದಾದ ಮೇಲೆ ಭಾನುವಾರಗಳು ಬಂದವು, ಹೋದವು. ಫೋನು ಮೇಜಿನ ಮೇಲೆ ತನ್ನ ಪಾಡಿಗೆ ತಾನು ಬಿದ್ದಿತ್ತು.

"ಇನ್ನೊಂದೇ ಶಾಟ್ ಅಕ್ಕಾ," ಡೈರೆಕ್ಟರ್ ಕುರ್ಚಿ ಬಿಟ್ಟು ಎದ್ದ. "ಚಿತ್ರ ಮೊಣಕಾಲಿಂದ ಶುರುವಾಗಿ ನಿಧಾನಕ್ಕೆ ಮೇಲೆ ಬರುತ್ತೆ. ನೀವೊಂದು 'ಆಹ್' ಅಂದ್ಬಿಡಿ. ಎರಡು ನಿಮಿಷಕ್ಕೆ ತಾನಾಗೇ ಶುರುವಾಗೋ ಹಾಗೆ ರೆಕಾರ್ಡಿಂಗ್ ಹಾಕಿರ್ತೀನಿ, ಟೀ ಕುಡ್ಕೊಂಡು ಬರ್ತೀನಿ."

"ಆಮೇಲೆ ಒಂದ್ಸಲ ಕೇಳಲ್ವಾ?"

"ಅದನ್ನ ಯಾರು ಕೂತು ಕೇಳ್ತಾರೆ? ಅಲ್ಲಿ ಎಲ್ಲರಿಗೂ ಕಣ್ಣಷ್ಟೇ ಇರೋದು. ಹಾಗೇ ಚಾನೆಲ್‌ಗೆ ಹೋಗುತ್ತೆ." ನಕ್ಕು ಹೊರಟುಹೋದ.

ಈ ಕೆಲಸಕ್ಕೆ ಸೇರಿದ ಹೊಸದರಲ್ಲಿ ಹಿರಿಯ ಕಲಾವಿದೆಯೊಬ್ಬರು ಅವಳಿಗೆ ಹೇಳಿಕೊಟ್ಟಿದ್ದರು: ಬಾಯಿ ಕಾಣುವ ಕಡೆ ಪರದೆ ಮೇಲಿನವರ ತುಟಿ ಕುಣಿಸಿದಂತೆ ನಾವು ಕುಣಿಯಬೇಕು, ಬಾಯಿ ಕಾಣದ ಕಡೆ ನಮ್ಮ ಮಾತು ಎಷ್ಟು ಬೇಕಾದರೂ ಹಿಡಿಸುತ್ತದೆ. ಬೆನ್ನು ತಿರುಗಿಸಿ ನಿಂತವರ ಮೇಲೆ ಅವಳೂ ಎಷ್ಟೋ ಮಾತು ಹೊರಿಸಿದ್ದಳು. ಇಂಥ ಶಾಟಿನಲ್ಲೂ ಬಾಯಿ ಕಾಣುವುದಿಲ್ಲ ಎನ್ನುವುದು ಮಾತ್ರ ಮೂರು ವರ್ಷದಲ್ಲಿ ಒಮ್ಮೆಯೂ ಹೊಳೆದಿರಲಿಲ್ಲ.

ಅವಳು ಪೆನ್ಸಿಲ್ ತೆಗೆದು ಹಾಳೆಯ ಮೇಲಿನ 'ಆಹ್' ಹೊಡೆದುಹಾಕಿದಳು. ಮನಸ್ಸಿನಲ್ಲೇ ಒಂದು ಸಾಲು ಕೂಡಿಸಿ ಬೆರಳಿನಲ್ಲಿ ಅಳೆದು ನೋಡಿದಳು. 'ಪುಟ್ಟಿ, ನಾನು ಮರೆತಿಲ್ಲ. ಇನ್ನೂ ಹುಡುಕ್ತಾನೇ ಇದ್ದೀನಿ.' ಧಾರಾಳವಾಗಿ ಹಿಡಿಸುತ್ತಿತ್ತು. ಡೈರೆಕ್ಟರಿಗೆ ಹೇಳುವುದಿಲ್ಲ. ಹುಡುಗಿಗೂ ಹೇಳುವುದಿಲ್ಲ, ಎಂದಾದರೂ ತಾನಾಗಿ ಟಿವಿ ಹಾಕಿದರೆ ಅವಳ ಕಿವಿಗೇ ಬೀಳಲಿ.

ರೆಕಾರ್ಡಿಂಗಿನ ಕೆಂಪು ದೀಪ ಹತ್ತಿಕೊಂಡಿತು. ಅವಳು ಮೈಕಿನ ಹತ್ತಿರ ಬಾಗಿದಳು. ಪರದೆಯ ಮೇಲೆ ಕತ್ತಿಯವಳ ಮೊಣಕಾಲು ಮೂಡಿತು. ಮುಖ ಬರುವುದಕ್ಕೆ ಇನ್ನೂ ಆರು ಸೆಕೆಂಡಿತ್ತು.