ಏಪ್ರನ್ ಮೇಲಿನ ಕೆಂಪು

ಸೋಸಿಟ್ಟಿದ್ದ ಟೊಮೆಟೊ ರಸದ ಬೋಗುಣಿಯನ್ನು ಎತ್ತಿ, ಬಾಯಿಜೋರಿಗೆ ಪಟಾಕಿ ಎಂದೇ ಹೆಸರಾದವಳು ಹಿಂದೆಮುಂದೆ ನೋಡದೆ ಪಕ್ಕದ ಒಲೆಯ ಗೆಳತಿಯ ಎದೆಗೆ ಎರಚಿಯೇಬಿಟ್ಟಳು. ಬಿಳಿ ಏಪ್ರನ್ ಕುತ್ತಿಗೆಯಿಂದ ಸೊಂಟದವರೆಗೆ ಕೆಂಪಾಯಿತು. ಅಡುಗೆ ಶಾಲೆಯ ಪರೀಕ್ಷೆ ನಡೆಯುತ್ತಿದ್ದ ಕೋಣೆಯಲ್ಲಿ ತರಕಾರಿ ಹೆಚ್ಚುತ್ತಿದ್ದ ಅಷ್ಟೂ ಚಾಕುಗಳು ಒಮ್ಮೆಗೇ ನಿಂತವು. ಗೋಡೆಯುದ್ದಕ್ಕೂ ಕುರ್ಚಿ ಹಾಕಿಕೊಂಡು ಕೂತಿದ್ದ ವಿದ್ಯಾರ್ಥಿಗಳ ಮನೆಯವರೆಲ್ಲ ಬಾಯಿಯ ಮೇಲೆ ಕೈ ಇಟ್ಟುಕೊಂಡರು.

“ಏನೇ ಮಾಡ್ದೆ ನೀನು?” ಅಡುಗೆ ಮೇಷ್ಟ್ರು ಗುಡುಗಿದರು.

“ಹೊಟ್ಟೆಕಿಚ್ಚು ಸಾರ್. ಇವಳೇ ಫಸ್ಟ್ ಬರ್ತಾಳೆ ಅಂತ ನೀವೇ ಹೇಳ್ತಿದ್ರಲ್ಲ, ತಡ್ಕೊಳ್ಳೋಕಾಗ್ಲಿಲ್ಲ.”

“ಬಿಚ್ಚು ಏಪ್ರನ್ನು! ಆಚೆ ನಡಿ! ಇನ್ನು ಈ ಮೆಟ್ಟಿಲು ಹತ್ತಬೇಡ!”

ರಸದಲ್ಲಿ ತೊಯ್ದ ಹುಡುಗಿ ಕಕ್ಕಾಬಿಕ್ಕಿಯಾಗಿ ನಿಂತಿದ್ದಳು. ಪಟಾಕಿಗೆ ಹೊಟ್ಟೆಕಿಚ್ಚೇ? ಬೆಳಿಗ್ಗೆ ತನ್ನ ಚಾಕು ಮಸೆದುಕೊಟ್ಟವಳಿಗೆ? ಆಗ ತಣ್ಣನೆಯ ರಸದ ಕೆಳಗೆ ಇನ್ನೊಂದು ಬೆಚ್ಚನೆಯ ಒದ್ದೆ ಅವಳ ಅರಿವಿಗೆ ಬಂತು. ಮೂಲೆಯಲ್ಲಿ ಅಮ್ಮನ ತೊಡೆಯ ಮೇಲೆ ಮಗು ಹಸಿದು ಕಿರುಚುತ್ತಿತ್ತು. ಆ ಕೂಗು ಕಿವಿಗೆ ಬಿದ್ದದ್ದೇ ಅವಳ ಎದೆಹಾಲು ಇಳಿದುಬಿಟ್ಟಿತ್ತು. ಬಿಳಿ ಬಟ್ಟೆಯ ಮೇಲೆ ಅದು ಮೂಡಿದ್ದನ್ನು ಪಟಾಕಿಯೊಬ್ಬಳೇ ಕಂಡಿದ್ದಳು.

ಲೋಕದ ಪಾಲಿಗೆ ಆ ಮಗು ಹುಡುಗಿಯ ತಮ್ಮ. “ನನಗೇ ಲೇಟಾಗಿ ಹುಟ್ಟಿದ್ದು ಕಣ್ರೀ” ಎಂದು ಬೀದಿಗೆಲ್ಲ ಸಾರಿದವಳು ಅಮ್ಮ. ಬಾಗಿಲು ಹಾಕಿ ಹಾಲು ಕುಡಿಸು ಎಂದವಳೂ, ಹೊರಗೆ ಹೊರಟಾಗ ಹದಿನೆಂಟರ ಮಗಳ ಎದೆಗೆ ಬಟ್ಟೆ ಬಿಗಿದವಳೂ ಅವಳೇ. ಮಗುವಿನ ಅಪ್ಪ ಅದೇ ಬೀದಿಯಲ್ಲಿ ಸೀಟಿ ಹೊಡೆದುಕೊಂಡು ತಿರುಗುತ್ತಿದ್ದ. ಅವನಿಗೆ ಯಾರೂ ಏನನ್ನೂ ಬಿಗಿಯಲಿಲ್ಲ. ಇವತ್ತು ಮಗುವನ್ನು ಮನೆಯಲ್ಲಿ ಬಿಟ್ಟು ಬಾ ಎಂದರೆ ಅಮ್ಮ, “ಹೆತ್ತೋಳು ಹಸುಗೂಸು ಬಿಟ್ಟು ಮಗಳ ಅಡುಗೆ ನೋಡೋಕೆ ಹೋದ್ಲು ಅಂತ ಆಡ್ಕೊಳಲ್ವೇನೇ?” ಎಂದಿದ್ದಳು. ಹೇಳಿದ ಸುಳ್ಳನ್ನು ಸಾಕುವುದಕ್ಕೆ ಮಗುವನ್ನು ಇಲ್ಲಿಗೇ ಹೊತ್ತು ತಂದಿದ್ದಳು.

ಪಾಸಾದರೆ ದೊಡ್ಡ ಹೋಟೆಲಿನ ಅಡುಗೆಮನೆಯಲ್ಲಿ ಕೆಲಸ. ಬಾಣಲೆಯಲ್ಲಿ ಈರುಳ್ಳಿ ಹೊಂಬಣ್ಣಕ್ಕೆ ತಿರುಗುವ ಗಳಿಗೆಯಲ್ಲಾದರೂ ಹುಡುಗಿ ಯಾರ ಅಕ್ಕನೂ ಆಗಬೇಕಿರಲಿಲ್ಲ.

“ಬಾಯ್ಮುಚ್ಕೊಂಡು ಅಡುಗೆ ಮುಗ್ಸು,” ಏಪ್ರನ್ ಬಿಚ್ಚುತ್ತ ಪಟಾಕಿ ಪಿಸುಗುಟ್ಟಿದಳು.

“ನಿಂಗೆ... ಗೊತ್ತಿತ್ತೇನೇ?”

“ದಿನಾ ನಿನ್ನ ಮೈಯಲ್ಲಿ ಹಾಲಿನ ವಾಸನೆ ಕಣೇ ಪೆದ್ದಿ. ಮೂಗು ಮನೇಲಿಟ್ಟು ಅಡುಗೆ ಕಲಿಯೋಕೆ ಬಂದಿದೀನಾ ನಾನು?”

ಅಷ್ಟರಲ್ಲಿ ಅಮ್ಮ ಮಗುವನ್ನು ಎತ್ತಿಕೊಂಡು ಧುಮುಧುಮು ಉರಿಯುತ್ತ ಬಂದಳು. “ಥೂ ಹಾಳಾದವಳೇ, ನನ್ನ ಮಗಳ ಬಾಳಿಗೆ ಕಲ್ಲು ಹಾಕಿದೆಯಲ್ಲೇ! ಮಾನ ಮರ್ಯಾದೆ ಅಂದ್ರೇನು ಅಂತ ನಿನ್ನ ಹೆತ್ತೋಳು ಕಲಿಸ್ಲಿಲ್ವಾ?”

ಎಲ್ಲದಕ್ಕೂ ಎದುರು ಮಾತಾಡುವ ಪಟಾಕಿ ತಲೆ ತಗ್ಗಿಸಿ ಬಾಗಿಲ ಕಡೆ ನಡೆದಳು.

ಹುಡುಗಿ ಎರಡೂ ಕೈ ಚಾಚಿದಳು. “ಕೊಡಮ್ಮ.”

“ಏನನ್ನೇ?”

“ನನ್ನ ಮಗನ್ನ. ಅವನಿಗೆ ಹಸಿವು.”

ಅಮ್ಮನ ಮುಖದಲ್ಲಿ ರಕ್ತವೇ ಇಲ್ಲದಂತಾಯಿತು. “ಹುಚ್ಚು ಹಿಡೀತೇನೇ? ಎಲ್ರೂ ನೋಡ್ತಿದಾರೆ!”

“ನೋಡ್ಲಿ.” ಮಗುವನ್ನು ಕಸಿದುಕೊಂಡೇ ಅವಳು ಮೇಷ್ಟ್ರ ಕಡೆ ತಿರುಗಿದಳು. “ಸಾರ್, ಹಾಲು ಸೋರಿತ್ತು. ಅದು ಯಾರಿಗೂ ಕಾಣದಿರ್ಲಿ ಅಂತ ಅವಳು ಎರಚಿದ್ದು. ಅವಳನ್ನ ಒಳಗೆ ಕರೀರಿ.”

ಒಲೆಯ ಮುಂದಿನ ಸ್ಟೂಲಿನ ಮೇಲೆ ಕೂತು, ಕೆಂಪು ಏಪ್ರನ್ನನ್ನು ಮಗುವಿನ ಮೇಲೆ ಎಳೆದುಕೊಂಡಳು. ಅಳು ಕತ್ತರಿಸಿದಂತೆ ನಿಂತಿತು. ಅಮ್ಮನ ಖಾಲಿ ಕೈಗಳು ಇನ್ನೂ ಮಗುವನ್ನು ಹಿಡಿದ ಹಾಗೇ ಮಡಿಚಿಕೊಂಡಿದ್ದವು. ಬಾಗಿಲಲ್ಲಿ ಪಟಾಕಿ ಕಲ್ಲಾಗಿದ್ದಳು. ಮೇಷ್ಟ್ರ ತೆರೆದ ಬಾಯಿ ತೆರೆದೇ ಇತ್ತು.

“ನಿಂತ್ಕೊಂಡು ಏನು ನೋಡ್ತೀರಿ ಸಾರ್?” ಎಂದಳು ಹುಡುಗಿ. “ನನ್ನ ಕೈ ಖಾಲಿ ಇಲ್ಲ. ಒಲೆ ಸಣ್ಣ ಮಾಡಿ, ತಳ ಹತ್ತುತ್ತೆ.”