ಕೂತೇ ಕೈ ಮುಗಿಯಿರಿ

ಈ ಕಥೆಯನ್ನು ಆತುರದಲ್ಲಿ ಓದಬೇಡಿ... ನೀರಿನ ದಡದಲ್ಲಿ ಸುಮ್ಮನೆ ಕೂತ ಹಾಗೆ ಓದಿ.

ಅಣೆಕಟ್ಟು ಕಟ್ಟಿದ ಮೇಲೆ ಒಂದು ಊರು ನೀರಿನೊಳಗೆ ಹೋಯಿತು. ಊರಿನ ಜೊತೆ ಊರಿನ ಈಶ್ವರನೂ ಹೋದ.

ಬೇಸಿಗೆಯಲ್ಲಿ ನೀರು ಇಳಿದಾಗ ಮಾತ್ರ ಗುಡಿಯ ಗೋಪುರ ಮೇಲೆ ಕಾಣುತ್ತದೆ... ನಿದ್ದೆಯಿಂದ ಎದ್ದು ತಲೆಯೆತ್ತಿ ನೋಡಿದ ಹಾಗೆ.

ಆ ಹಿನ್ನೀರಿನ ದಡದಲ್ಲೊಂದು ಬೋಟಿಂಗ್ ಕ್ಲಬ್. ತಗಡಿನ ಶೆಡ್ಡು, ಐದು ದೋಣಿ, ಸಾಲಾಗಿ ನೇತುಹಾಕಿದ ಕಿತ್ತಳೆ ಬಣ್ಣದ ಲೈಫ್ ಜಾಕೆಟ್.

ಭಾನುವಾರ ಬೆಳಿಗ್ಗೆ ಅಲ್ಲಿ ದೋಣಿ ನಡೆಸುವುದನ್ನೂ, ನೀರಿನಲ್ಲಿ ಜೀವ ಉಳಿಸಿಕೊಳ್ಳುವುದನ್ನೂ ಕಲಿಸುತ್ತಿದ್ದರು.

ನೀರಿನ ಮೇಲೆ ಇನ್ನೂ ಮಂಜು ಕವಿದಿದ್ದ ಒಂದು ಬೆಳಿಗ್ಗೆ, ಅರವತ್ತು ದಾಟಿದ ಪುಟ್ಟಗೌರಮ್ಮ ಅಲ್ಲಿಗೆ ಬಂದರು.

"ನನ್ನೂ ಸೇರಿಸ್ಕೊಳ್ಳಿ" ಎಂದರು.

ಕಲಿಯಲು ಬಂದಿದ್ದ ಕಾಲೇಜು ಹುಡುಗರು ಕಿಸಕ್ಕನೆ ನಕ್ಕರು. "ಅಜ್ಜಿ, ರೇಸಿಗೆ ಹೋಗ್ತೀರಾ?"

"ಮೊದ್ಲು ನಿನ್ನ ಜಾಕೆಟ್ಟಿನ ಬೆಲ್ಟ್ ಸರಿಯಾಗಿ ಕಟ್ಕೊಳ್ಳೋ ಮಾರಾಯ. ಆಮೇಲೆ ನನ್ನ ರೇಸು."

ಕಲಿಸುವ ತನುಜಾ ಮಾತ್ರ ನಗಲಿಲ್ಲ. ಫಾರ್ಮ್ ತುಂಬುತ್ತಾ ಕೇಳಿದಳು, "ಯಾಕೆ ಸೇರ್ತಿದೀರಿ ಅಂತ ಬರೀಬೇಕು ಅಜ್ಜಿ. ಏನಂತ ಬರೀಲಿ?"

ಪುಟ್ಟಗೌರಮ್ಮ ನೀರನ್ನೇ ನೋಡುತ್ತಾ ಹೇಳಿದರು...

"ಹನ್ನೊಂದು ವರ್ಷದ ಹಿಂದೆ ಗೋಪುರ ನೋಡೋಕೆ ಹೋಗಿದ್ವಿ. ದೋಣಿ ಮಗುಚಿಕೊಳ್ತು. ನನ್ನ ತಂಗಿ ಸಾಕಮ್ಮ ಇಲ್ಲೇ ಹೋದ್ಲು."

"ಗಾಳಿ ಇರ್ಲಿಲ್ಲ. ಅಲೆ ಇರ್ಲಿಲ್ಲ. ದೇವರಿಗೆ ಕೈ ಮುಗಿದ ಹೊತ್ತಲ್ಲೇ ದೋಣಿ ಯಾಕೆ ಮಗುಚಿತು? ಅದೊಂದು ನಂಗೆ ಗೊತ್ತಾಗ್ಬೇಕು ಕಣವ್ವ."

ಅವತ್ತಿನಿಂದ ಅವರು ಆ ಈಶ್ವರನಿಗೆ ಒಂದು ದೀಪವನ್ನೂ ಹಚ್ಚಿರಲಿಲ್ಲ. ನೀರಿನ ಕಡೆ ತಿರುಗಿದಾಗಲೆಲ್ಲ ಅವನಿಗೊಂದು ಬೈಗುಳ ಮಾತ್ರ ತಪ್ಪದೆ ಸಲ್ಲುತ್ತಿತ್ತು.

ಎರಡು ವಾರ ಪುಟ್ಟಗೌರಮ್ಮ ಜಾಕೆಟ್ ಕಟ್ಟುವುದು, ಹಗ್ಗ ಎಸೆಯುವುದು ಕಲಿತರು. ಸೀರೆಯ ಮೇಲೆ ಕಿತ್ತಳೆ ಜಾಕೆಟ್ ಹಾಕಿ ನಿಂತರೆ ಹುಡುಗರು ಸೆಲ್ಫಿಗೆ ಮುತ್ತಿಕೊಳ್ಳುತ್ತಿದ್ದರು.

ಮೂರನೇ ಭಾನುವಾರ ತನುಜಾ ಒಂದು ಟಬ್ಬಿನಲ್ಲಿ ನೀರು ತುಂಬಿ ಸ್ಟೀಲ್ ತಟ್ಟೆ ತೇಲಿಬಿಟ್ಟಳು. ಅದರಲ್ಲಿ ಆರು ಪುಟ್ಟ ಲೋಟ ಹರಡಿಟ್ಟಳು. ಅಂಚಿಗೆ ಬೆರಳು ತಾಗಿಸಿದರೂ ತಟ್ಟೆ ಹಾಯಾಗಿ ತೇಲಿತು.

"ಇದು ಕೂತಿರೋ ಜನ."

ಆಮೇಲೆ ಅದೇ ಲೋಟಗಳನ್ನು ಒಂದರ ಮೇಲೊಂದು ಎತ್ತರಕ್ಕೆ ಪೇರಿಸಿದಳು. "ಇದು ಎದ್ದು ನಿಂತ ಜನ. ತೂಕ ಅಷ್ಟೇ ಇದೆ... ನೋಡಿ."

ತಟ್ಟೆಯ ಅಂಚಿಗೆ ಮತ್ತೆ ಅದೇ ಬೆರಳು ತಾಗಿಸಿದಳು... ಅಷ್ಟೇ. ಎಲ್ಲವೂ ನೀರಿನೊಳಗೆ.

ಹುಡುಗರು ಚಪ್ಪಾಳೆ ತಟ್ಟಿದರು.

ಪುಟ್ಟಗೌರಮ್ಮ ಜಾಕೆಟ್ ಬಿಚ್ಚಿಟ್ಟು ಮನೆಗೆ ಹೊರಟುಹೋದರು.

ಮುಂದಿನ ವಾರ ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ...

ತನುಜಾ ವಿಳಾಸ ಹುಡುಕಿಕೊಂಡು ಹೋದಳು. ಅಜ್ಜಿ ಬಾಗಿಲ ಮುಂದೆ ಕೂತಿದ್ದರು. ಎದುರಿಗೆ ಮೊರ, ಮೊರದಲ್ಲಿ ಅಕ್ಕಿ. ಕೈ ಮಾತ್ರ ಆಡುತ್ತಿರಲಿಲ್ಲ.

"ಯಾಕಜ್ಜಿ ಕ್ಲಾಸ್ ಬಿಟ್ರಿ?"

"ಬಂದಿದ್ದು ಉತ್ತರಕ್ಕೆ. ಸಿಕ್ತಲ್ಲ ತಾಯಿ."

ಮೊರ ಪಕ್ಕಕ್ಕೆ ಸರಿಸಿ ಅವರೇ ಹೇಳಿದರು...

"ಅವತ್ತು ಗೋಪುರ ಮೊದ್ಲು ಕಂಡಿದ್ದು ನಂಗೆ. 'ಸ್ವಾಮಿ ಕಾಣ್ತಾವ್ನೆ, ಎಲ್ರೂ ಎದ್ದೇಳ್ರೋ, ಕೈ ಮುಗೀರೋ' ಅಂದೋಳು ನಾನು. ಸಾಕಮ್ಮಂಗೆ ಮಂಡಿನೋವು. ಏಳೋಕಾಗಲ್ಲ ಕಣಕ್ಕ ಅಂದ್ಲು. ರಟ್ಟೆ ಹಿಡಿದು ನಾನೇ ಎಬ್ಬಿಸಿದೆ..."

"ಹನ್ನೊಂದು ವರ್ಷ ಆ ಶಿವನಿಗೆ ಬೈದೆ. ಮುಳುಗಿಸಿದ್ದು ನನ್ನ ಬಾಯಿ..."

ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅವರು ಅತ್ತರು. ತನುಜಾ ಪಕ್ಕದಲ್ಲಿ ಕೂತಳು.

ಅಳು ತಗ್ಗಿದ ಮೇಲೆ ಮೆಲ್ಲಗೆ ಕೇಳಿದಳು, "ಏಳಬಾರದು ಅಂತ ಅವತ್ತು ಯಾರಾದ್ರೂ ಹೇಳಿದ್ರಾ ಅಜ್ಜಿ?"

"ಯಾರು ಹೇಳ್ತಾರವ್ವ? ದೋಣಿಯೋನೂ ಎದ್ದೇ ಕೈ ಮುಗಿದ."

"ಬರೋ ತಿಂಗಳು ನೀರು ಇಳಿಯುತ್ತೆ. ಜನ ಮತ್ತೆ ದೋಣಿ ಹತ್ತುತ್ತಾರೆ. ಗೋಪುರ ಕಂಡ ಕೂಡ್ಲೇ ಎದ್ದು ನಿಲ್ತಾರೆ. ನಾನು ಹೇಳಿದ್ರೆ, 'ಜೀನ್ಸ್ ಹಾಕಿರೋ ಹುಡುಗಿ, ದೇವರ ವಿಷಯ ನಿನಗೇನು ಗೊತ್ತು' ಅಂತಾರೆ. ಹೋದ ವರ್ಷ ಹಾಗೇ ಅಂದ್ರು."

"ನೀವು ಹೇಳಿದ್ರೆ ಕೇಳ್ತಾರೆ ಅಜ್ಜಿ..."

ಪುಟ್ಟಗೌರಮ್ಮ ಮೊರ ಎತ್ತಿಕೊಂಡು ಒಳಗೆ ಹೋದರು.

ಆದರೆ ಗೋಪುರ ಕಂಡ ಮೊದಲ ಸೋಮವಾರ, ಬೆಳಗಿನ ಬೆಳಕು ನೀರಿಗೆ ಇಳಿಯುವ ಮೊದಲೇ, ದೋಣಿ ಹತ್ತುವ ಜಾಗದಲ್ಲಿ ಒಬ್ಬ ಅಜ್ಜಿ ನಿಂತಿದ್ದರು... ಸೀರೆಯ ಮೇಲೆ ಕಿತ್ತಳೆ ಜಾಕೆಟ್!

ಒಬ್ಬೊಬ್ಬರಿಗೂ ಬೆಲ್ಟ್ ಬಿಗಿದು ಹೇಳಿದರು, "ಸ್ವಾಮಿ ಕಂಡ ಅಂತ ಏಳ್ಬ್ಯಾಡಿ. ಕೂತೇ ಕೈ ಮುಗೀರಿ. ಅವನೇನು ಬೇಜಾರು ಮಾಡ್ಕೊಳ್ಳಲ್ಲ."

ಹಣೆ ತುಂಬ ವಿಭೂತಿ ಬಳಿದಿದ್ದ ಯಜಮಾನರೊಬ್ಬರು ರೇಗಿಸಿದರು, "ದೇವರನ್ನ ನೀನು ಕೇಳ್ಕೊಂಡು ಬಂದ್ಯೇನಮ್ಮ?"

"ಅವನ ಜೊತೆ ಹನ್ನೊಂದು ವರ್ಷ ಜಗಳ ಆಡಿದೀನಿ ಕಣಪ್ಪ. ಅವನ ಸ್ವಭಾವ ನಂಗೊತ್ತು... ಕೂತ್ಕೋ."

ಯಜಮಾನರು ಕೂತರು.

ದೋಣಿ ಹೊರಟಿತು. ಮಂಜಿನೊಳಗೆ ನಿಧಾನಕ್ಕೆ ಕರಗಿತು... ಮತ್ತೆ ಗೋಪುರದ ಹತ್ತಿರ, ಬಂಗಾರದ ಬೆಳಕಿನಲ್ಲಿ ಕಂಡಿತು.

ದಡದಲ್ಲಿ ನಿಂತ ಪುಟ್ಟಗೌರಮ್ಮ ಉಸಿರು ಹಿಡಿದು ನೋಡಿದರು.

ಇಪ್ಪತ್ತು ಕೈಗಳು ಒಟ್ಟಿಗೆ ಮೇಲೆದ್ದು ಜೋಡಿಯಾದವು... ದೋಣಿ ಅಲುಗಲಿಲ್ಲ.

ಅವರ ಕೆನ್ನೆಯ ಮೇಲೆ ನೀರು ಹರಿಯಿತು. ಪಿಸುಗುಟ್ಟಿದರು...

"ಸಾಕಮ್ಮಾ... ನೋಡೇ... ಯಾರೂ ಏಳ್ಲಿಲ್ಲ."

---

*ಗೊತ್ತಿಲ್ಲದೆ ಮಾಡಿದ ತಪ್ಪನ್ನು ದೇವರು ಕ್ಷಮಿಸುತ್ತಾನೆ. ಗೊತ್ತಾದ ಮೇಲೆ ಅದನ್ನು ನಾಲ್ಕು ಜನಕ್ಕೆ ಹೇಳುವುದೇ ಅವನಿಗೆ ಹಚ್ಚುವ ದೀಪ.*

ನೋವಿನಿಂದ ನೀವು ಕಲಿತ ಯಾವ ಮಾತು, ನಾಚಿಕೆಯಿಂದಲೋ ಅಳುಕಿನಿಂದಲೋ, ಇನ್ನೂ ನಿಮ್ಮೊಳಗೇ ಉಳಿದಿದೆ...?